ಇಪ್ಪತ್ತೈದನೆಯ ಸಲ ರಕ್ತ ಕೊಡಲು ಹೋದ ಪಾವ್ಲು

ದಾಂಡೇಲಿಯಲ್ಲಿ ಟೆಂಪೊ ಓಡಿಸುವ, ಸಿದ್ದಿ ಬುಡಕಟ್ಟಿನ ಪಾವ್ಲು ಇಪ್ಪತ್ನಾಲ್ಕು ಸಲ ರಕ್ತ ಕೊಟ್ಟಿದ್ದ. ಸಿದ್ದಿಗಳ ರಕ್ತದಲ್ಲಿ ಕಸುವು ಹೆಚ್ಚೆಂದು ರಕ್ತದಾನ ಶಿಬಿರ ನಡೆಸುವ ಕಟ್ಟಿಗೆ ವ್ಯಾಪಾರಿ ಕರಿಬಸಪ್ಪನವರು ನಂಬಿದ್ದರು. ಒಂಬತ್ತು ವರ್ಷಗಳಿಂದ ಶಿಬಿರದಲ್ಲಿ ಮೈಕು ಅವರದು, ತೋಳು ಪಾವ್ಲುವಿನದು. ಅವನ ಅರ್ಜಿಯನ್ನು ಕರಿಬಸಪ್ಪನವರ ಬಳಗದವರೇ ತುಂಬಿ ಸಹಿ ಹಾಕಿಸಿಕೊಳ್ಳುತ್ತಿದ್ದರು.

ಈ ಸಲ ಬಂದ ಹೊಸ ನರ್ಸ್ ಸುಶೀಲವ್ವ, "ನೀವ ಓದಿ ತುಂಬ್ರಿ" ಎಂದಳು. ಗಂಡಸರ ಜೊತೆ ಸಂಬಂಧ ಇದೆಯೇ ಎಂಬ ಪ್ರಶ್ನೆಗೆ ಪಾವ್ಲು ಹೌದೆಂದು ಗುರುತು ಹಾಕಿದ. ಗ್ಯಾರೇಜಿನ ದುರ್ಗಪ್ಪನೂ ಅವನೂ ಒಂದೇ ಮನೆಯಲ್ಲಿ ಬಾಳುತ್ತಿದ್ದರು.

"ಹೌದಂದ್ರ ಯಾವತ್ತೂ ಕೊಡಾಕ ಬರಂಗಿಲ್ರಿ. ನಿಯಮ ಐತಿ."

"ಹನ್ನೊಂದು ವರ್ಷ ಒಬ್ಬನ ಜೋಡಿನ ಅದೀನ್ರಿ. ಎಚ್‌ಐವಿ ಪರೀಕ್ಷೆನೂ ಮಾಡಿಸೇನಿ."

"ಅದನ್ನ ಬರಿಯಾಕ ಇದರಾಗ ಜಾಗಾ ಇಲ್ರಿ," ಎಂದಳು ಅವಳು, ಮೆಲ್ಲಗೆ.

ಕರಿಬಸಪ್ಪನವರು ಓಡಿಬಂದರು. "ಇಲ್ಲ ಅಂತ ಬರಿಯೋ. ಶಾಲು ತಂದೇವಿ. ಬ್ಯಾನರಿನಾಗ ನಿನ್ನ ಫೋಟೋ ಐತಿ."

"ಸುಳ್ಳು ಬರದ್ರ ನನ್ನ ರಕ್ತ ಚಲೋ ಆಗತೈತೇನ್ರಿ?"

ಪಾವ್ಲು ಹೊರಬೀಳುವಷ್ಟರಲ್ಲಿ ಬ್ಯಾನರಿನಲ್ಲಿದ್ದ ಅವನ ಮುಖದ ಮೇಲೆ ಹಳೆಯ ಕ್ಯಾಲೆಂಡರ್ ಅಂಟಿಸಿಯಾಗಿತ್ತು. ತೋಳನ್ನು ಹಾಗೇ ಬಿಟ್ಟಿದ್ದರು. ಮನೆಗೆ ಹೋಗಿ ಅವನು ಆ ದಿನ ಯಾರ ಫೋನನ್ನೂ ಎತ್ತಲಿಲ್ಲ.

ಎರಡು ವಾರಕ್ಕೆ ಕರಿಬಸಪ್ಪನವರ ಹೆಂಡತಿ ಉಮಾಶ್ರೀಗೆ ಧಾರವಾಡದಲ್ಲಿ ಆಪರೇಷನ್ ಆಯಿತು. ಆಕೆಗೆ ಕೊಟ್ಟ ರಕ್ತಕ್ಕೆ ಬದಲಿಯಾಗಿ ಮನೆಯವರ ಕಡೆಯಿಂದ ಯಾರಾದರೊಬ್ಬರು ಕೊಡಿ ಎಂದು ಆಸ್ಪತ್ರೆಯವರು ಕೇಳಿದರು. ಕರಿಬಸಪ್ಪನವರು ಪಾವ್ಲುವಿಗೆ ಫೋನ್ ಮಾಡಿದರು.

"ಲಗೂನ ಬಾ. ಅರ್ಜಿ ನಾ ತುಂಬತೇನಿ."

"ಬರ್ತೇನಿ. ಅರ್ಜಿ ಮಾತ್ರ ನಾನ ತುಂಬಾವ."

ಅವನು ಬಂದ, ಹಿಂದಿನಂತೆಯೇ ತುಂಬಿದ. ಇಲ್ಲಿಯೂ ಬೇಡವೆಂದರು.

"ನೀವ ಕೊಡ್ರಲ್ಲ," ಎಂದ ಪಾವ್ಲು.

ಕರಿಬಸಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. "ನನಗ ಸೂಜಿ ಕಂಡ್ರ ಆಗಂಗಿಲ್ಲೋ. ಇಲ್ಲೀತನಕ ಒಮ್ಮೆನೂ ಕೊಟ್ಟಿಲ್ಲ."

ಅರ್ಜಿಯಲ್ಲಿ ಹೆದರಿಕೆಯ ಬಗ್ಗೆ ಪ್ರಶ್ನೆ ಇರಲಿಲ್ಲ. ಉಳಿದದ್ದಕ್ಕೆಲ್ಲ ಇಲ್ಲವೆಂದು ಬರೆದು ಅವರು ಪಾಸಾದರು. ಮಲಗಿ ಕಣ್ಣು ಮುಚ್ಚಿ ಪಾವ್ಲುವಿನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಅವನು ಬಿಡಿಸಿಕೊಳ್ಳಲಿಲ್ಲ.

ಉಮಾಶ್ರೀ ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಪಾವ್ಲುವಿಗೆ ತಾನೇ ಫೋನ್ ಮಾಡಿ, "ಐತವಾರ ಊಟಕ್ಕ ಬರ್ರಿ, ದುರ್ಗಪ್ಪನ್ನೂ ಕರ್ಕೊಂಡ ಬರ್ರಿ" ಎಂದಳು. ಇಬ್ಬರೂ ಹೋದರು. ರೊಟ್ಟಿ, ಎಣಗಾಯಿ ಬಡಿಸಿದಳು. ಊಟ ಮುಗಿಯುವವರೆಗೂ ಕರಿಬಸಪ್ಪನವರು, ರಕ್ತ ಕೊಡಲು ಹೆದರಬಾರದು, ಅದಕ್ಕೆ ಧೈರ್ಯ ಬೇಕು ಎಂದು ಅವರಿಬ್ಬರಿಗೂ ತಿಳಿಸಿ ಹೇಳಿದರು.