ಅತ್ತೆಯ ಕ್ಯಾಸೆಟ್ಟಿನಲ್ಲಿ ನನ್ನ ಕಂಠ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯ ಶಾಂತಿಯನ್ನು ಅಳಿಸಿದವನು ನಾನೇ. ಇದು ಅಲಂಕಾರದ ಮಾತಲ್ಲ. ಆಗ ನಮ್ಮ ಮನೆಯ ಶಾಂತಿ ಒಂದು ಕ್ಯಾಸೆಟ್ಟಿನೊಳಗಿತ್ತು. ನಾನು ಟೇಪ್ ರಿಕಾರ್ಡರಿನ ಕೆಂಪು ಗುಂಡಿ ಒತ್ತಿದೆ, ಅದು ಹೋಯಿತು.

ಹುಮನಾಬಾದಿನಲ್ಲಿ ನನಗೆ ನಕಲು ಮಾಡುವವನೆಂದು ಹೆಸರು. ಯಾರ ದನಿ ಬೇಕೋ ಹೇಳಿ, ತೆಗೆದು ಕೊಡುತ್ತೇನೆ. ಕಾಲೇಜಿನ ಗಣಿತದ ಮೇಷ್ಟ್ರು ಲೆಕ್ಕ ತಪ್ಪಿದಾಗ ಕೆಮ್ಮುವುದು, ಪಕ್ಕದ ಮನೆಯ ಮೆಹಬೂಬ್ ಚಾಚಾ ಸಂತೆಯಲ್ಲಿ ಕುರಿಯ ಹಲ್ಲು ನೋಡಿ ನಿಟ್ಟುಸಿರು ಬಿಡುವುದು, ಎಲ್ಲ ಬರುತ್ತದೆ. ನನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ಕ್ಯಾಸೆಟ್ಟು ನಮ್ಮ ಮನೆಗೆ ಬಂದದ್ದು ಔಷಧಿಯಾಗಿ. ಅಪ್ಪನಿಗೆ ಒಂದು ದಿನ ತಲೆ ತಿರುಗಿತು. ಡಾಕ್ಟರರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹೊಡೆದು, "ಉಪ್ಪು ಕಡಿಮೆ ಮಾಡ್ರಿ, ಸಿಟ್ಟು ಬಂದ್ ಮಾಡ್ರಿ" ಎಂದರು. ಉಪ್ಪನ್ನು ಅವ್ವ ಕಡಿಮೆ ಮಾಡಿದಳು. ಸಿಟ್ಟಿನ ಡಬ್ಬಿ ಅವಳ ಕೈಗೆ ಎಟುಕುವಂತಿರಲಿಲ್ಲ.

ಆ ಸಿಟ್ಟಿನ ದೊಡ್ಡ ಪಾಲು ಬಸವಕಲ್ಯಾಣದ ಮೇಲಿತ್ತು. ಅಲ್ಲಿ ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ ಇದ್ದಾಳೆ. ಅವಳ ಹಿರಿಯ ಮಗಳ ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ಮದುಮಗಳ ಬೆನ್ನ ಹಿಂದೆ ಸೋದರಮಾವನಾಗಿ ಅಪ್ಪ ನಿಲ್ಲಬೇಕಿತ್ತು. ಅಪ್ಪ ಬೆಳಗಿನ ಬಸ್ಸು ಹಿಡಿದಿದ್ದೇನೋ ನಿಜ. ಆದರೆ ಸೀಟಿನ ವಿಷಯಕ್ಕೆ ಕಂಡಕ್ಟರನ ಜೊತೆ ಜಗಳವಾಗಿ, "ನಿನ್ನ ಗಾಡ್ಯಾಗ ನಾ ಕೂಡಂಗಿಲ್ಲ" ಎಂದು ನಡುದಾರಿಯ ಸಸ್ತಾಪುರ ಬಂಗ್ಲಾ ಸ್ಟಾಪಿನಲ್ಲಿ ಇಳಿದುಬಿಟ್ಟ. ಮುಂದಿನ ಬಸ್ಸು ಬರುವಷ್ಟರಲ್ಲಿ ಮುಹೂರ್ತ ಮೀರುತ್ತಿತ್ತು. ಅತ್ತೆ ದೂರದ ತಮ್ಮನೊಬ್ಬನನ್ನು ಮಾವನ ಜಾಗದಲ್ಲಿ ನಿಲ್ಲಿಸಿದಳು. ಅಪ್ಪ ಬಂದು ನೋಡಿದ, ಊಟ ಮಾಡದೆ ತಿರುಗಿ ಬಂದ. ಅಲ್ಲಿಂದ ಮೂರು ವರ್ಷ ಅಕ್ಕ ಎಂಬ ಶಬ್ದ ಅವನ ಬಾಯಲ್ಲಿ ಬರಲಿಲ್ಲ.

ಕಲ್ಯಾಣ ಎಂಬ ಊರಿನ ಮಹಿಮೆ ನೋಡಿ. ಎಂಟು ನೂರು ವರ್ಷಗಳ ಹಿಂದೆ ಜನ ಎಲ್ಲೆಲ್ಲಿಂದಲೋ ನಡೆದು ಬಂದು, ಮನಸ್ಸನ್ನು ತಿಳಿ ಮಾಡಿಕೊಳ್ಳುವುದು ಹೇಗೆ ಎಂದು ಅಚ್ಚಕನ್ನಡದಲ್ಲಿ ಮಾತಾಡಿದ ಊರು ಅದು. ನಮ್ಮಪ್ಪ ಬಸ್ಸಿನಲ್ಲಿ ಹೋಗಿಯೂ ಮನಸ್ಸು ಕದಡಿಕೊಂಡು ಬಂದ.

ಅತ್ತೆ ಸೋಮವಾರದ ಭಜನೆಯಲ್ಲಿ ಹಾಡುತ್ತಾಳೆ. ತಮ್ಮನಿಗೆ ಹುಷಾರಿಲ್ಲ ಎಂದು ಕೇಳಿ, ಅವಳ ಓಣಿಯ ಹೆಂಗಸರೆಲ್ಲ ಒಂದು ಕೋಣೆಯ ಬಾಗಿಲು ಹಾಕಿಕೊಂಡು, ಒಂದು ಕ್ಯಾಸೆಟ್ಟು ತುಂಬಿಸಿದರು. ಒಂದು ಮಗ್ಗುಲಲ್ಲಿ ಮೈಯ ನೋವು ಮಾಯುವ ಪದಗಳು, ಇನ್ನೊಂದರಲ್ಲಿ ಮನೆ ಮಂದಿಯ ಪದಗಳು, ಕಡೆಗೆ ಮನಸ್ಸು ನೆಲೆಗೆ ನಿಲ್ಲುವ ಒಂದು ನಿಧಾನದ ಪದ. ಬಾಗಿಲು ಹಾಕಿದ್ದರೂ ಹೊರಗಿನ ಆಡಿನ ಕೂಗು ಎರಡು ಕಡೆ ಒಳಗೆ ಬಂದಿದೆ. ಹಾಡಿದವರ ಹೆಸರು ಮೇಲೆ ಬರೆಯಲಿಲ್ಲ. ಅವ್ವ ಅಪ್ಪನಿಗೆ, "ಯಾರೋ ಗುಲ್ಬರ್ಗಾದಾಕಿ ಹಾಡ್ಯಾಳಂತ್ರಿ" ಎಂದಳು. ಅಪ್ಪ ಹೂಂ ಎಂದ. ಚಾಚಾನ ಮಗ ಸೌದಿಯಿಂದ ತಂದ ಟೇಪ್ ರಿಕಾರ್ಡರ್ ನಮ್ಮ ಮನೆಯಲ್ಲೇ ಠಿಕಾಣಿ ಹೂಡಿತು. ಬೆಳಿಗ್ಗೆ ಗುಳಿಗೆಯ ನಂತರ ಒಂದು ಮಗ್ಗುಲು, ಸಂಜೆ ಚಹಾದ ನಂತರ ಇನ್ನೊಂದು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಆ ಹೊತ್ತು ಸಾರಿನಲ್ಲಿ ಉಪ್ಪಿಲ್ಲದಿದ್ದರೂ ನಡೆಯುತ್ತಿತ್ತು. ಗೋಡೆಯಾಚೆಯಿಂದ ಚಾಚಾ, "ಭಾಬಿ, ದವಾ ಚಾಲೂ ಮಾಡ್ರಿ, ಅವರ ಆವಾಜು ಏರಾಕತ್ತದ" ಎಂದು ಕೂಗುವುದೂ ಇತ್ತು.

ಅತ್ತೆ ನಮ್ಮ ಕಡೆಯಿಂದ ಹೋದವರನ್ನೆಲ್ಲ ಕೇಳುತ್ತಿದ್ದದ್ದು ಒಂದೇ: "ನಮ್ಮ ತಮ್ಮ ಕೇಳ್ಯಾನೇನ್ರಿ?" ಆ ಕ್ಯಾಸೆಟ್ಟಿನ ಹೊರತು ಅವರಿಬ್ಬರ ನಡುವೆ ಬೇರೆ ದಾರಿಯೇ ಉಳಿದಿರಲಿಲ್ಲ.

ಅಂಥ ಕ್ಯಾಸೆಟ್ಟಿನ ಮೇಲೆ ನಾನು ಕೈಯಿಟ್ಟೆ. ಕಾಲೇಜಿನ ವರ್ಷದ ಗ್ಯಾದರಿಂಗಿನ ವೇದಿಕೆಯಲ್ಲಿ ನನ್ನ ನಕಲು ಇತ್ತು. ನನ್ನ ಪ್ರತಿಭೆಯನ್ನು ನಾನೇ ಕೇಳಿ ಆನಂದಪಡಬೇಕೆನಿಸಿತು. ಕೊನೆಯಲ್ಲಿ ಖಾಲಿ ಇರುವ ಜಾಗಕ್ಕೆ ಓಡಿಸಿದ್ದೇನೆ ಎಂದುಕೊಂಡು ಕೆಂಪು ಗುಂಡಿ ಒತ್ತಿ, ಅಪ್ಪ ಮತ್ತು ಕಂಡಕ್ಟರನ ಜಗಳವನ್ನು ಇಬ್ಬರ ದನಿಯಲ್ಲೂ ಮಾಡಿದೆ. ಹಿಂದಕ್ಕೆ ತಿರುಗಿಸಿ ಹಾಕಿದರೆ, ಮನಸ್ಸು ನೆಲೆಗೆ ನಿಲ್ಲುವ ಪದ ಒಂದು ಸಾಲು ಹಾಡಿ ನಿಂತಿತು, ಆಮೇಲೆ ಟೇಪಿನೊಳಗಿನ ಅಪ್ಪ "ಯಾವನಲೇ ಅವಾ!" ಎಂದು ಕೂಗಿದ. ನಕಲು ಮಾತ್ರ ಬಹಳ ಚೆನ್ನಾಗಿತ್ತು.

ಬುದ್ಧಿವಂತನಾದವನು ಬಸ್ಸು ಹತ್ತಿ ಹೋಗಿ ಅತ್ತೆಯಿಂದಲೇ ಮತ್ತೆ ಹಾಡಿಸಿ ತರುತ್ತಿದ್ದ. ನಾನು ಕಲಾವಿದ. ಕಂಬಳಿ ಹೊದ್ದು ಕೂತು, ಆ ಪದವನ್ನು ಅತ್ತೆಯ ದನಿಯಲ್ಲಿ ನಾನೇ ಹಾಡಿ ತುಂಬಿದೆ. ಆಡನ್ನೂ ಬಿಡಲಿಲ್ಲ, ಅದರ ಜಾಗದಲ್ಲಿ ಅದನ್ನು ಸರಿಯಾಗಿ ಕೂಗಿಸಿದೆ. ನಕಲು ಮಾಡುವವರ ಒಂದು ಗುಟ್ಟು ನಿಮಗೆ ಹೇಳುತ್ತೇನೆ. ನಮ್ಮ ಕೈಗೆ ದನಿಯ ಗುಣ ಸಿಗುವುದಿಲ್ಲ, ಊನ ಸಿಗುತ್ತದೆ. ಕೊನೆಯ ಶಬ್ದಕ್ಕೆ ಮೊದಲು ಅತ್ತೆ ಸಣ್ಣಗೆ ಉಸಿರು ಕಟ್ಟುತ್ತಾಳೆ. ಅದನ್ನೇ ಹಿಡಿದು ಹಿಗ್ಗಿಸಿದರೆ ಜನ ಓಹೋ ಎಂದು ಗುರುತಿಸುತ್ತಾರೆ. ನಾನು ಹಿಗ್ಗಿಸಿದೆ.

ಸಂಜೆ ಚಹಾ ಆಯಿತು, ಕ್ಯಾಸೆಟ್ಟು ತಿರುಗಿತು. ನನ್ನ ಪದ ಬಂತು. ಅಪ್ಪ ಕಣ್ಣು ಮುಚ್ಚಿದ್ದವನು ಒಂದು ಕಣ್ಣು ತೆರೆದ. ಆಮೇಲೆ ಎರಡನ್ನೂ. ಪದ ಮುಗಿದ ಮೇಲೆ ಅವ್ವನ ಕಡೆ ತಿರುಗಿ ಹೇಳಿದ:

"ಅಕ್ಕನ ಗಂಟಲಾ ಕೆಟ್ಟದ. ಆಡಿಗಿ ಏನೂ ಆಗಿಲ್ಲ, ಅಕ್ಕಗ ಉಸಿರು ಸಾಲವಲ್ದು."

ಅವ್ವ ಹುಟ್ಟಿಸಿದ ಗುಲ್ಬರ್ಗಾದಾಕೆ ಅಲ್ಲೇ ಸತ್ತಳು. ಹಾಡಿದವಳು ಅಕ್ಕನೆಂದು ಮೊದಲನೆಯ ದಿನದಿಂದಲೂ ಅಪ್ಪನಿಗೆ ಗೊತ್ತಿತ್ತು. ತುಂಬಿದ ಕ್ಯಾಸೆಟ್ಟು ನಿನ್ನೆಗೂ ಇವತ್ತಿಗೂ ಬದಲಾಗುವುದು ಹೇಗೆ ಎಂಬ ಯೋಚನೆ ಮಾತ್ರ ಅವನಿಗೆ ಬರಲಿಲ್ಲ. ಗಾಬರಿಯಾದ ತಮ್ಮನಿಗೆ ಅಂಥ ಯೋಚನೆ ಬರುವುದಿಲ್ಲವೇನೋ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ತೊಡೆ ಚಿವುಟಿ, "ಈಗ ಬಾಯಿ ಬಿಟ್ಟಿ ಅಂದ್ರ ನೋಡು" ಎಂದಳು. ಅವಳಿಗೆ ಎಲ್ಲ ತಿಳಿದಿತ್ತು. ತಿಳಿದೇ ಅತ್ತೆಯ ಗಂಟಲಿಗೆಂದು ಜ್ಯೇಷ್ಠಮಧು, ಹಿಪ್ಪಲಿ ಪುಡಿ ಮಾಡಿ ಕಟ್ಟಿಕೊಟ್ಟಳು.

ಮರುದಿನ ಬೆಳಿಗ್ಗೆ ಅಪ್ಪ ಟೊಪ್ಪಿಗೆ ಹಾಕಿಕೊಂಡು ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದ. ಸೀಟು ಸಿಗಲಿಲ್ಲ. ಬಂಗ್ಲಾ ಬಂತು, ಅಪ್ಪ ನಿಂತೇ ಇದ್ದ. ಕಂಡಕ್ಟರ್ ಕಾಲು ತುಳಿದ, ಅಪ್ಪ ಏನೂ ಅನ್ನಲಿಲ್ಲ. ನನಗೆ ಡಾಕ್ಟರರನ್ನು ಕರೆಯಬೇಕೆನಿಸಿತು.

ಅತ್ತೆಯ ದನಿ ಓಣಿಯ ತುದಿಗೇ ಕೇಳಿಸಿತು. ಹಾಲಿನವನ ಜೊತೆ ವಾದಿಸುತ್ತಿದ್ದಳು. ಗಂಟಲಿಗೆ ಏನೂ ಆಗಿರಲಿಲ್ಲ. ತಮ್ಮನನ್ನು ಕಂಡು ಹಾಲಿನವನನ್ನು ಅಲ್ಲೇ ಬಿಟ್ಟಳು. ಅಪ್ಪ ಪುಡಿಯ ಪೊಟ್ಟಣ ಚಾಚಿ, "ನಿನ್ನ ದನಿ..." ಎಂದ.

"ನನ್ನ ದನಿಗೇನಾಗ್ಯಾದೋ?"

ಇಬ್ಬರೂ ನನ್ನ ಕಡೆ ನೋಡಿದರು. ಅತ್ತೆ ಮೊದಲೇ ನನ್ನನ್ನು ಬಲ್ಲಳು. "ಹಾಡೋ ನೀ" ಎಂದಳು. ಒಂದು ಸಾಲು ಹಾಡಿದೆ, ಆಡಿನ ಸಮೇತ. ಅತ್ತೆ ಸೆರಗು ಬಾಯಿಗೆ ಹಿಡಿದಳು, ನಗುವೋ ಅಳುವೋ ತಿಳಿಯಲಿಲ್ಲ. ಅಪ್ಪನ ಕಿವಿಗಳು ಕೆಂಪಾದವು. ಮೂರು ವರ್ಷ ಕಾಪಾಡಿದ ಛಲವನ್ನು ಮಗನೊಬ್ಬ ಕಂಬಳಿಯೊಳಗೆ ಕೂತು ಮುರಿದಿದ್ದನಲ್ಲ. "ನಾ ಹೊಂಟೆ" ಎಂದು ಹೊಸ್ತಿಲಿಂದಲೇ ತಿರುಗಿದ. "ಅವತ್ತೂ ನನ್ನ ಸಲುವಾಗಿ ಯಾರೂ ನಿಂದ್ರಲಿಲ್ಲ. ಸೋದರಮಾವನ ಜಾಗಾ ಮಂದಿಗಿ ಕೊಟ್ಟಿ."

ಅವನು ಹೋಗಿದ್ದರೆ ಇನ್ನು ಯಾವ ಕ್ಯಾಸೆಟ್ಟೂ ಅವನನ್ನು ತರುತ್ತಿರಲಿಲ್ಲ. ಮನಸ್ಸು ನೆಲೆಗೆ ನಿಲ್ಲುವ ಪದವನ್ನು ಆ ಹೊತ್ತಿಗೆ ಯಾರೂ ನೆನೆಯಲಿಲ್ಲ, ಹಾಡಿದವಳು ಸಹ. ಅಪ್ಪನ ಟೊಪ್ಪಿಗೆ ತೆಗೆಸಿ, ಅವನನ್ನು ಕೂಡಿಸಿ, ಉಪ್ಪಿಲ್ಲದ ಊಟ ಉಣ್ಣಿಸಿದ್ದು ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದ ಮಾತು:

"ಮುಂದಿನ ವರ್ಷ ಸಣ್ಣಾಕಿ ಲಗ್ನ ಅದಾ. ಅವತ್ತ ನಿನ್ನ ಮಗ ನಿನ್ನ ದನಿ ಮಾಡ್ಕೋತ ಮಾವನ ಜಾಗಾದಾಗ ನಿಂದರ್ತಾನ. ನೀ ಕಂಡಕ್ಟರನ ಸಂಗಾಟ ಜಗಳಾ ಮುಗಿಸ್ಕೊಂಡು ಸಾವಕಾಶ ಬಾ."