ಬೇಗೂರಿನ ಟೀವಿ ಸಾಬರು

ಬೇಗೂರಿನ ಟೀವಿ ರಿಪೇರಿ ಸಾಬರು ಯಾವ ಸೆಟ್ಟು ಬಂದರೂ ಮೊದಲು ಅದರ ಬೆನ್ನು ತಟ್ಟಿ, "ಸುಲಭದ್ದು ಮೊದ್ಲು ನೋಡನ" ಎನ್ನುತ್ತಿದ್ದರು.

ಮಕ್ಕಳೇ, ನಿಮ್ಮಪ್ಪನ ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರವಿದ್ದಾಗ ನಮ್ಮ ಹಳೇ ಟೀವಿಯಲ್ಲಿ ಚಿತ್ರ ಬರುತ್ತಿತ್ತು, ಸೌಂಡು ಬರುತ್ತಿರಲಿಲ್ಲ. ಕಣ್ಣು ಮಂಜಾಗಿದ್ದ ನಮ್ಮತ್ತೆ ಸಾಬರನ್ನು ಕರೆಸಿದರು. ಅವರು ವಾಲ್ಯೂಮ್ ತಿರುಗಿಸಿ ನೋಡಿ, ಹಿಂದಿನ ಮುಚ್ಚಳ ಬಿಚ್ಚಿದರು. ಸ್ಪೀಕರಿನ ವೈರು ನೀಟಾಗಿ ತುಂಡಾಗಿತ್ತು. ಮಗ ಓದಿಕೊಳ್ಳಲಿ ಎಂದು ಅದನ್ನು ಕತ್ತರಿಸಿದವಳು ನಾನೇ. ಸಾಬರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ.

"ಏನಾಗದ ಸಾಬ್ರೇ?" ಎಂದರು ಅತ್ತೆ.

"ಇಲಿ ಕಡ್ದದ ಕಣವ್ವ," ಎಂದು ಸಾಬರು ವೈರಿಗೆ ಬೆಸುಗೆ ಹಾಕಿದರು.

ಹೊರಡುವಾಗ ಬಾಗಿಲ ಬಳಿ ನನಗೆ ಮೆಲ್ಲಗೆ ಹೇಳಿದರು: "ಆ ಇಲಿಗೆ ಹೇಳವ್ವ, ಹಳೇ ಟೀವಿ ಒಳಕ್ಕೆ ಕೈ ಹಾಕುದ್ರೆ ಕರೆಂಟ್ ಹೊಡುದ್ಬುಡ್ತದ. ಮುಂದ್ಕೆ ನನ್ನೇ ಕರೀಲಿ."