ಬಲಗೈಯವರ ಬಿಲ್ಲು

ನಾನು ಮಾವನೊಡನೆ ವಾದಕ್ಕಿಳಿದು ಬಿಲ್ಲುಗಾರಿಕೆ ಬಿಟ್ಟೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಕಾರವಾರದ ಕಾಲೇಜಿನಲ್ಲಿ ಚರ್ಚಾ ತಂಡದಲ್ಲಿದ್ದೆ ಎಂಬುದೇ ಅವರಿಗೆ ಸಾಕ್ಷಿ. ಸಾಕ್ಷಿ ದುರ್ಬಲ. ನಾನು ವಾದವನ್ನೇ ಮಾಡದೆ ನಂಬಿದ ಒಂದೇ ಒಂದು ವಿಷಯ ಆ ಬಿಲ್ಲು.

ಮಾವ ಎಂದರೆ ಅಮ್ಮನ ತಮ್ಮ. ಅವರ್ಸಾ ಎಂಬ ಊರಿನಲ್ಲಿ, ತಮ್ಮ ಮನೆಯ ಹಿಂದಿನ ಬಯಲಲ್ಲಿ ನಾಲ್ಕಾರು ಮಂದಿಗೆ ಬಿಲ್ಲು ಕಲಿಸುತ್ತಾರೆ. ಜಿಲ್ಲಾ ತಂಡ ಸೇರುವುದು ಆಗ ನನ್ನ ಆಸೆಯಾಗಿತ್ತು. ನನಗೆ ತುದಿಗಳಲ್ಲಿ ರಾಟೆಯಿರುವ ಕಾಂಪೌಂಡ್ ಬಿಲ್ಲು ಆರಿಸುವ ದಿನ ಅವರು ನನ್ನನ್ನು ಗೋಡೆಗೆ ಒರಗಿಸಿ, ಚಾಚಿದ ತೋಳುಗಳನ್ನು ಅಳೆದರು. ಆಮೇಲೆ ಎರಡು ಅಂಗೈಗಳ ಸಂದಿಯಿಂದ ದೂರದ ತೆಂಗಿನ ಮರವನ್ನು ನೋಡಿಸಿ, ಒಂದೊಂದೇ ಕಣ್ಣು ಮುಚ್ಚಿಸಿದರು. ಬಲಗಣ್ಣು ಮುಚ್ಚಿದರೂ ಮರ ಕಂಡಿತು. ಎಡಗಣ್ಣು ಮುಚ್ಚಿದರೆ ಮಾಯ.

"ಹಂಗಂದ್ರೆ ಎಂತ ಮಾವ?"

"ಎಂತದೂ ಇಲ್ಲ. ಕಣ್ಣು ಚಲೋ ಉಂಟು."

ಬಂದದ್ದು ಬಲಗೈಯವರ ಬಿಲ್ಲು. ಅದರ ಎಳೆತದ ಉದ್ದ, ಬಿಗಿ ಎಲ್ಲವನ್ನೂ ಆಮೇಲೆ ಹೊಂದಿಸಬಹುದು. ಎಡ, ಬಲ ಮಾತ್ರ ಬದಲಾಗುವುದಿಲ್ಲ. ನನ್ನ ಬಾಣಗಳು ವರ್ಷವಿಡೀ ಗುರಿಯ ಎಡಕ್ಕೇ ಹೋದವು. "ಎಡಗಣ್ಣು ಮುಚ್ಚೇ ಮಾರಾಯ್ತಿ!" ಎಂದು ಮಾವ ಕೂಗುತ್ತಿದ್ದರು. ಕೊನೆಗೆ ನನ್ನ ಕನ್ನಡಕದ ಎಡಗಾಜಿಗೆ ಟೇಪು ಅಂಟಿಸಿದರು. ಎಡಗಣ್ಣೇ ಯಾಕೆ ಎಂದು ಯಾವ ಪೆದ್ದನಾದರೂ ಕೇಳುತ್ತಿದ್ದ. ನಾನು ಕೇಳಲಿಲ್ಲ.

ಅಂಕೋಲೆಯಲ್ಲಿ ನಡೆದ ಜಿಲ್ಲಾ ತಂಡದ ಆಯ್ಕೆಯಲ್ಲಿ ಮೊದಲ ಸುತ್ತಿಗೇ ಹೊರಬಿದ್ದೆ. ಮತ್ತೆ ಬಿಲ್ಲು ಮುಟ್ಟಲಿಲ್ಲ.

ಒಂದು ಭಾನುವಾರ ಮಾವನ ಮಗಳು ಬಿಲ್ಲು ಒಯ್ಯಲು ಬಂದಳು. ನನ್ನ ಫ್ರಾಕು, ಸೈಕಲ್ಲು, ಪಠ್ಯಪುಸ್ತಕ ಎಲ್ಲ ಅವಳಿಗೇ ಹೋದದ್ದು. ನಮ್ಮಲ್ಲಿ ದೊಡ್ಡವಳದ್ದು ಚಿಕ್ಕವಳಿಗೆ. ಖುಷಿಯಿಂದಲೇ ಎತ್ತಿಕೊಟ್ಟೆ.

"ನಿಂಗೆ ಎಡಗೈದೇ ಬೇಕಿತ್ತೇ ಅಕ್ಕಾ," ಎಂದಳು, ಪೆಟ್ಟಿಗೆ ಮುಚ್ಚುತ್ತ. "ಯಾವ ಕಣ್ಣು ಜೋರೋ ಆ ಬದಿ ಕೈದೇ ಬಿಲ್ಲು ಬೇಕು. ನಿಂದು ಎಡಗಣ್ಣು ಜೋರು. ನಂದು ಬಲಗಣ್ಣು."

"ಯಾರು ಹೇಳಿದ್ದು?"

"ಅಪ್ಪ. ನಿನ್ನ ಕಣ್ಣು ನೋಡಿದ ದಿನವೇ. ಅವ್ಳು ಹೆಂಗೂ ಬಿಡ್ತಾಳೆ, ನಾಳೆ ನಿಂಗೂ ಬರೂ ಹಂಗೆ ಬಲಗೈದೇ ತರಸ್ತೆ ಅಂದ." ನನ್ನ ಮುಖ ನೋಡಿ ಅವಳ ಕೈ ನಿಂತಿತು. "ನಿಂಗೆ ಗೊತ್ತಿರ್ಲಿಲ್ವಾ?"

ಫ್ರಾಕನ್ನಾದರೂ ನನ್ನ ಅಳತೆಗೇ ಹೊಲಿಸುತ್ತಿದ್ದರು.

ಸಂಜೆ ಮಾವ ಚಹಾಕ್ಕೆ ಬಂದರು. "ವಾದ ಮಾಡೂದು ಬಿಟ್ಟು ನೀ ಹೇಳ್ದಂಗೆ ಕೇಳಿದ್ರೆ ಇವ್ಳು ಇವತ್ತು ಟೀಮಲ್ಲಿರ್ತಿದ್ಲು," ಎಂದಳು ಅಮ್ಮ. ಮಾವ ನಕ್ಕು, "ಹೋಗ್ಲಿ ಬಿಡೇ ಅಕ್ಕಾ, ಎಲ್ರಿಗೂ ಬರೂದಲ್ಲ ಅದು," ಎಂದು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡರು.

ನಾನು ಅವರೆದುರು ಕುಳಿತೆ.

"ಮಾವ, ನಾ ಒಂದು ಬಾಣನೂ ಬಿಡೂಕಿಂತ ಮೊದ್ಲೇ, ನಾ ಇದನ್ನ ಬಿಡ್ತೆ ಅಂತ ನಿಮ್ಗೆ ಹೆಂಗೆ ಗೊತ್ತಾಯ್ತು?"